ಇಪ್ಪತ್ತರವರೆಗೆ ಎಣಿಸುವ ಮಗು ‘ನಾಲ್ಕು ತಾ’ ಎಂದರೆ ಹಿಡಿ ತುಂಬ ತರುತ್ತದೆ: ವಯಸ್ಸಿಗೆ ತಕ್ಕಂತೆ ಕಲಿಸುವುದು ಎಂದರೇನು?

ಪ್ರಶ್ನೆ ಕೇಳಿದವರು: ಹೊಂಗಿರಣ

ನನಗೆ ಇಬ್ಬರು ಮಕ್ಕಳು. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಆರು ತುಂಬಿದೆ. ಸಂಜೆ ಒಂದು ಗಂಟೆ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಏನಾದರೂ ಕಲಿಸಬೇಕೆಂದು ಎರಡು ತಿಂಗಳ ಹಿಂದೆ ಆರಂಭಿಸಿದೆ. ಈಗ ಆ ಒಂದು ಗಂಟೆ ನಮ್ಮ ಮೂವರಿಗೂ ಬೇಡವಾದ ಹೊತ್ತಾಗಿದೆ.

ಮಗಳು ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಹೇಳುತ್ತಾಳೆ. ಆದರೆ ‘ನಾಲ್ಕು ಮಣಿ ತಾ’ ಎಂದರೆ ಡಬ್ಬಿಯಿಂದ ಒಂದು ಹಿಡಿ ತೆಗೆದು ನನ್ನ ಕೈಗೆ ಸುರಿಯುತ್ತಾಳೆ. ಎದುರಿಗಿಟ್ಟ ಐದು ಗುಂಡಿಗಳನ್ನು ಬೆರಳಿಟ್ಟು ಸರಿಯಾಗಿಯೇ ಎಣಿಸುತ್ತಾಳೆ. ‘ಹಾಗಾದರೆ ಒಟ್ಟು ಎಷ್ಟಿವೆ?’ ಎಂದು ಕೇಳಿದ ಕೂಡಲೇ ಮತ್ತೆ ಒಂದರಿಂದ ಎಣಿಸಲು ತೊಡಗುತ್ತಾಳೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಅಕ್ಷರ ತಿದ್ದಲು ಕೊಟ್ಟರೆ ಎರಡು ಗೆರೆ ಎಳೆದು ಎದ್ದು ಹೋಗುತ್ತಾಳೆ.

ಮಗನ ತೊಂದರೆ ಬೇರೆ. ಅವನು ಸಣ್ಣ ವಾಕ್ಯಗಳನ್ನು ಓದುತ್ತಾನೆ, ಹತ್ತರೊಳಗಿನ ಕೂಡುವ ಲೆಕ್ಕ ಮಾಡುತ್ತಾನೆ. ಆದರೆ ಹದಿಮೂರರಲ್ಲಿ ಐದು ಕಳೆಯುವ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಯಾವುದೋ ಒಂದು ಸಂಖ್ಯೆ ಹೇಳಿ ನನ್ನ ಮುಖ ನೋಡುತ್ತಾನೆ. ನಾನು ಸುಮ್ಮನಿದ್ದರೆ ಇನ್ನೊಂದು ಸಂಖ್ಯೆ ಹೇಳುತ್ತಾನೆ. ಕೆಲವು ಅಂಕಿಗಳನ್ನೂ ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾನೆ. ಉತ್ಸಾಹ ಬರಲೆಂದು ಪ್ರತಿ ಸರಿಯುತ್ತರಕ್ಕೆ ಒಂದು ನಕ್ಷತ್ರದ ಸ್ಟಿಕ್ಕರ್ ಕೊಡತೊಡಗಿದೆ. ಮೊದಲ ವಾರ ಬಹಳ ಚೆನ್ನಾಗಿ ನಡೆಯಿತು; ಈಗ ತಾನಾಗಿ ಕೂತು ಬಿಡಿಸುತ್ತಿದ್ದ ಚಿತ್ರಕ್ಕೂ ‘ಇದಕ್ಕೆ ಎಷ್ಟು ನಕ್ಷತ್ರ?’ ಎಂದು ಕೇಳುತ್ತಾನೆ.

ವಯಸ್ಸಿಗೆ ತಕ್ಕಂತೆ ಕಲಿಸಿ ಎಂದು ಎಲ್ಲರೂ ಹೇಳುತ್ತಾರೆ. ಮಗನಿಗೆ ಕೊಡುವ ಪಾಠವನ್ನೇ ಸ್ವಲ್ಪ ಕಡಿಮೆ ಮಾಡಿ ಮಗಳಿಗೆ ಕೊಡುವುದು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೆ. ಅಲ್ಲೇ ತಪ್ಪಿದೆನೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ಹಳೆಯ ಬಳಪ

ಪೂರ್ವ ಪ್ರಾಥಮಿಕ ಹಂತದ ಮಕ್ಕಳಿಗೆ ಹಲವು ವರ್ಷ ಕಲಿಸಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹೌದು, ಅಲ್ಲೇ ತಪ್ಪಿದ್ದೀರಿ, ಮತ್ತು ನನ್ನ ಮೊದಲ ಕೆಲವು ವರ್ಷಗಳಲ್ಲಿ ನಾನೂ ಅಲ್ಲೇ ತಪ್ಪಿದ್ದೆ. ಇಪ್ಪತ್ತು ಲೆಕ್ಕದ ಬದಲು ಐದು ಲೆಕ್ಕ ಕೊಟ್ಟ ಮಾತ್ರಕ್ಕೆ ಪಾಠ ಚಿಕ್ಕ ಮಗುವಿನದಾಗುವುದಿಲ್ಲ. ಮಗು ಯಾವುದರ ಮೂಲಕ ಯೋಚಿಸುತ್ತದೆಯೋ, ಅಂದರೆ ಕೈಯ ಮೂಲಕವೋ, ಕಣ್ಣಿಗೆ ಕಾಣುವ ಚಿತ್ರದ ಮೂಲಕವೋ, ಬರೆದ ಚಿಹ್ನೆಯ ಮೂಲಕವೋ, ಪಾಠವೂ ಅದರ ಮೂಲಕವೇ ಬರಬೇಕು.

ನಿಮ್ಮ ಮಗಳಿಗೆ ಸದ್ಯ ಗೊತ್ತಿರುವುದು ಎಣಿಕೆಯ ಪದಗಳ ಸಾಲು. ಒಂದು, ಎರಡು, ಮೂರು ಎಂಬುದು ಅವಳಿಗೆ ಪದ್ಯದ ಸಾಲಿನಂತೆ ಬಾಯಿಗೆ ಬಂದಿದೆ. ಆ ಸಾಲಿನ ಕೊನೆಯ ಪದವೇ ಇಡೀ ಗುಂಪಿನ ಪ್ರಮಾಣವನ್ನು ಹೇಳುತ್ತದೆ ಎಂಬ ತಿಳಿವಳಿಕೆ ಬೇರೆಯೇ ಒಂದು ಕಲಿಕೆ. ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಯ ಹಿಂದಿರುವ ಐದು ತತ್ತ್ವಗಳನ್ನು ವಿವರಿಸಿದರು. ಒಂದು ವಸ್ತುವಿಗೆ ಒಂದೇ ಪದ ಎಂಬುದು, ಪದಗಳ ಕ್ರಮ ಬದಲಾಗಬಾರದು ಎಂಬುದು, ಕೊನೆಯ ಪದವೇ ಒಟ್ಟು ಸಂಖ್ಯೆ ಎಂಬುದು ಇವುಗಳಲ್ಲಿ ಮೊದಲ ಮೂರು. ಉಳಿದ ಎರಡರ ಪ್ರಕಾರ ಯಾವ ಬಗೆಯ ವಸ್ತುವನ್ನಾದರೂ ಎಣಿಸಬಹುದು, ಮತ್ತು ಎಲ್ಲಿಂದ ಎಣಿಸಲು ಆರಂಭಿಸಿದರೂ ಮೊತ್ತ ಬದಲಾಗುವುದಿಲ್ಲ. ನಿಮ್ಮ ಮಗಳಿಗೆ ಮೊದಲೆರಡು ಬಂದಿವೆ, ಮೂರನೆಯದು ಇನ್ನೂ ಬಂದಿಲ್ಲ. ‘ಎಷ್ಟಿವೆ?’ ಎಂದಾಗ ಅವಳು ಮತ್ತೆ ಎಣಿಸುವುದು ಹಟದಿಂದಲ್ಲ, ಅಜಾಗರೂಕತೆಯಿಂದಲೂ ಅಲ್ಲ. ಆ ಪ್ರಶ್ನೆಯನ್ನು ‘ಎಣಿಸು’ ಎಂಬ ಆಜ್ಞೆಯೆಂದೇ ಅವಳು ತಿಳಿದಿದ್ದಾಳೆ.

‘ಇಷ್ಟು ತಾ’ ಎಂದು ಕೇಳುವ ಆ ಪರೀಕ್ಷೆಯನ್ನೇ ಕರೆನ್ ವಿನ್ 1990ರಲ್ಲಿ ಚಿಕ್ಕ ಮಕ್ಕಳ ಮೇಲೆ ನಡೆಸಿದರು. ಆ ಬಗೆಯ ಅಧ್ಯಯನಗಳಿಂದ ಗೊತ್ತಾಗಿರುವುದೇನೆಂದರೆ, ಮಗು ಮೊದಲು ‘ಒಂದು’ ಎಂಬುದರ ಅರ್ಥವನ್ನು ಮಾತ್ರ ಕಲಿಯುತ್ತದೆ, ಉಳಿದೆಲ್ಲವೂ ಅದಕ್ಕೆ ‘ತುಂಬಾ’. ಕೆಲವು ತಿಂಗಳ ಬಳಿಕ ‘ಎರಡು’, ಮತ್ತೆ ಕೆಲವು ತಿಂಗಳಿಗೆ ‘ಮೂರು’. ಹೀಗೆ ಮೂರು ಅಥವಾ ನಾಲ್ಕರವರೆಗೆ ಒಂದೊಂದಾಗಿ ಏರಿದ ಮೇಲೆ ಎಣಿಕೆಯ ಗುಟ್ಟೇ ಅದಕ್ಕೆ ತಿಳಿದುಹೋಗುತ್ತದೆ. ಆಮೇಲೆ ಏಳೂ ಒಂಬತ್ತೂ ಕಷ್ಟವಾಗುವುದಿಲ್ಲ. ಆದ್ದರಿಂದ ನಾಲ್ಕನ್ನು ಬಿಟ್ಟು, ಮೊದಲು ಒಂದು ಕೇಳಿ, ಮತ್ತೊಮ್ಮೆ ಎರಡು, ಇನ್ನೊಮ್ಮೆ ಮೂರು ಕೇಳಿ ನೋಡಿ. ಎಲ್ಲಿ ಹಿಡಿ ತುಂಬ ತರಲು ಆರಂಭಿಸುತ್ತಾಳೋ ಆ ಸಂಖ್ಯೆಯೇ ಈ ತಿಂಗಳ ಪಾಠ, ಅದಕ್ಕಿಂತ ಮುಂದಿನದು ಬೇಡ. ಪ್ರಶ್ನೆ ಕಡಿಮೆ ಮಾಡಿ, ಹೇಳುವುದನ್ನು ಹೆಚ್ಚಿಸಿ: ‘ಇಲ್ಲಿ ಮೂರು ಗುಂಡಿಗಳಿವೆ; ಒಂದು, ಎರಡು, ಮೂರು; ಮೂರು ಗುಂಡಿಗಳು’ ಎಂದು ಮೊತ್ತವನ್ನೂ ಎಣಿಕೆಯನ್ನೂ ಒಂದೇ ಉಸಿರಿನಲ್ಲಿ ಸೇರಿಸಿ ಹೇಳಿ. ಮೂರು ಗೊಂಬೆಗಳಿಗೆ ಮೂರು ಲೋಟ ಇಡುವುದು, ಎರಡು ಕಾಲಿಗೆ ಎರಡು ಚಪ್ಪಲಿ ಹುಡುಕುವುದು ಮುಂತಾದ ಕೆಲಸಗಳಲ್ಲಿ ಸಂಖ್ಯೆ ತಪ್ಪಿದರೆ ಕೆಲಸವೇ ತಪ್ಪುತ್ತದೆ, ನೀವು ತಪ್ಪೆಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಗನ ವಿಷಯ. ಜೆರೋಮ್ ಬ್ರೂನರ್ 1966ರಲ್ಲಿ ತಿಳಿವಳಿಕೆಯ ಮೂರು ರೂಪಗಳನ್ನು ಹೇಳಿದರು: ಕೈಯಿಂದ ಮಾಡಿ ತಿಳಿಯುವುದು, ಚಿತ್ರವಾಗಿ ಕಂಡು ತಿಳಿಯುವುದು, ಚಿಹ್ನೆಯ ಮೂಲಕ ತಿಳಿಯುವುದು. ನೀವು ಮೂರನೆಯದನ್ನು ನೇರವಾಗಿ ಕೊಟ್ಟಿದ್ದೀರಿ. ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಒಂದು ಕಟ್ಟು ಮಾಡಿ, ಪಕ್ಕದಲ್ಲಿ ಮೂರು ಬಿಡಿ ಕಡ್ಡಿ ಇಡಿ. ಐದು ತೆಗೆ ಎಂದಾಗ ಅವನು ಮೂರು ಬಿಡಿಯನ್ನು ತೆಗೆದು ಅಲ್ಲಿಗೆ ನಿಲ್ಲುತ್ತಾನೆ. ಆ ನಿಲುಗಡೆಯೇ ಪಾಠ. ದಯವಿಟ್ಟು ಆಗ ಬಾಯಿ ಹಾಕಬೇಡಿ. ಕಟ್ಟನ್ನು ಬಿಚ್ಚಬಹುದೆಂದು ಅವನಿಗೇ ಹೊಳೆಯಲಿ. ನಾಲ್ಕಾರು ದಿನ ಕಡ್ಡಿಯಲ್ಲಿ ಮಾಡಿದ ಮೇಲೆ ಅದನ್ನೇ ಗೆರೆಗಳಾಗಿ ಬಿಡಿಸಲಿ, ಅಂಕಿಯಲ್ಲಿ ಬರೆಯುವುದು ಕೊನೆಗೆ ಬರಲಿ. ನಮ್ಮ ಭಾಷೆಯೇ ಇಲ್ಲಿ ಸ್ವಲ್ಪ ನೆರವಾಗುತ್ತದೆ ಎಂಬುದನ್ನು ಹೇಳಲೇಬೇಕು: ಹದಿಮೂರು ಎಂಬ ಪದದೊಳಗೆ ಹತ್ತು ಮತ್ತು ಮೂರು ಎರಡೂ ಇವೆ, ಮೂವತ್ತು ಎಂದರೆ ಮೂರು ಹತ್ತು, ಐವತ್ತು ಎಂದರೆ ಐದು ಹತ್ತು. ಇದನ್ನು ಮಕ್ಕಳಿಗೆ ಒಮ್ಮೆ ಬಿಡಿಸಿ ತೋರಿಸಿದರೆ ಅವರು ಉಳಿದ ಪದಗಳನ್ನೂ ಒಡೆದು ನೋಡತೊಡಗುತ್ತಾರೆ.

ಉತ್ತರ 2: ಅಂಗಳದ ಮೂಲೆ

ಹಳೆಯ ಬಳಪ ಅವರು ಎಣಿಕೆಯ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸಬೇಕಾದ್ದೇನೂ ಇಲ್ಲ. ಮಕ್ಕಳ ಕೈಚಲನೆಯ ತೊಂದರೆಗಳಿಗೆ ಚಿಕಿತ್ಸೆ ನೀಡುವ ವೃತ್ತಿ ನನ್ನದಾದ್ದರಿಂದ ಪೆನ್ಸಿಲ್ಲಿನ ಬಗ್ಗೆ ಮಾತ್ರ ಬರೆಯುತ್ತೇನೆ.

ವಯಸ್ಕರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಅವು ಮೃದ್ವಸ್ಥಿಯ ರೂಪದಲ್ಲಿರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಕೊನೆಯದು ಗಟ್ಟಿಯಾಗತೊಡಗುವ ಹೊತ್ತಿಗೆ ಮಗುವಿಗೆ ಸುಮಾರು ಒಂಬತ್ತರಿಂದ ಹನ್ನೆರಡು ವರ್ಷವಾಗಿರುತ್ತದೆ. ಮೂಳೆಯೊಂದೇ ಕಾರಣವಲ್ಲ, ಭುಜ, ಮೊಣಕೈ, ಮಣಿಕಟ್ಟು, ಬೆರಳು ಎಂಬ ಕ್ರಮದಲ್ಲಿ ಹಿಡಿತವು ದೇಹದ ನಡುವಿನಿಂದ ತುದಿಯ ಕಡೆಗೆ ಬರುತ್ತದೆ. ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿಯುವ ಮಗು ಭುಜದಿಂದ ಬರೆಯುತ್ತಿದೆ ಎಂದು ತಿಳಿಯಿರಿ. ಮೂರೂವರೆಗೆ ಮುಷ್ಟಿ ಬಿಟ್ಟು ಬೆರಳುಗಳಿಗೆ ಬರುವ ಮಕ್ಕಳೂ ಇದ್ದಾರೆ, ಇನ್ನೂ ಕೆಲವು ತಿಂಗಳು ಬೇಕಾದವರೂ ಇದ್ದಾರೆ.

ಅಕ್ಷರ ತಿದ್ದಿಸುವ ಮೊದಲು ಅವಳು ಯಾವ ಆಕಾರವನ್ನು ನೋಡಿ ಬಿಡಿಸಬಲ್ಲಳು ಎಂಬುದನ್ನು ಗಮನಿಸಿ. ಸಾಮಾನ್ಯವಾಗಿ ಮೂರರ ಆಸುಪಾಸಿನಲ್ಲಿ ವೃತ್ತ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆಯಂಥ ಅಡ್ಡ-ಉದ್ದ ಗೆರೆ, ನಾಲ್ಕೂವರೆಯ ಸುಮಾರಿಗೆ ಚೌಕ, ಐದು ದಾಟಿದ ಮೇಲೆ ತ್ರಿಕೋನ ಬರುತ್ತವೆ. ತ್ರಿಕೋನಕ್ಕೆ ಓರೆಗೆರೆ ಬೇಕು, ಓರೆಗೆರೆಯೇ ಎಲ್ಲಕ್ಕಿಂತ ಕಷ್ಟ. ಕನ್ನಡದ ಅಕ್ಷರಗಳಲ್ಲಿ ಸುರುಳಿ, ಕೊಂಡಿ, ತಿರುವು ತುಂಬಿರುವುದರಿಂದ ವೃತ್ತವನ್ನೇ ಇನ್ನೂ ಸರಿಯಾಗಿ ಮುಚ್ಚಲಾರದ ಕೈಗೆ ಅವು ದೊಡ್ಡ ಶಿಕ್ಷೆ. ಅವಳು ಎರಡು ಗೆರೆ ಎಳೆದು ಎದ್ದು ಹೋದದ್ದರಲ್ಲಿ ನನಗೆ ತಪ್ಪೇನೂ ಕಾಣಿಸುವುದಿಲ್ಲ. ಜೇಡಿಮಣ್ಣು ನಾದಲಿ, ಕಾಗದ ಹರಿಯಲಿ, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು ಒತ್ತಿ ತೆಗೆಯಲಿ, ಮಣಿ ಪೋಣಿಸಲಿ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಿಂತು ಬಿಡಿಸಲು ಬಿಟ್ಟರೆ ಭುಜಕ್ಕೂ ಮಣಿಕಟ್ಟಿಗೂ ಒಳ್ಳೆಯ ವ್ಯಾಯಾಮ. ಒಂದು ಸಣ್ಣ ಉಪಾಯ: ಉದ್ದ ಪೆನ್ಸಿಲಿನ ಬದಲು ಮುರಿದ ಬಳಪದ ತುಂಡು ಕೊಡಿ, ಅದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲವಾದ್ದರಿಂದ ಬೆರಳುಗಳು ತಾವಾಗಿಯೇ ಮುಂದೆ ಬರುತ್ತವೆ.

ಮಗ ಅಂಕಿಗಳನ್ನು ತಿರುಗಿಸಿ ಬರೆಯುವುದಕ್ಕೆ ಆರನೆಯ ವಯಸ್ಸಿನಲ್ಲಿ ಗಾಬರಿಯಾಗಬೇಕಿಲ್ಲ. ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಅದೇ ಕಪ್ಪು ಎಂದು ನಮ್ಮ ಕಣ್ಣು ಮತ್ತು ಮಿದುಳು ಹುಟ್ಟಿನಿಂದ ಕಲಿತಿವೆ. ಮುಖ ತಿರುಗಿಸಿದರೆ ವಸ್ತುವೇ ಬೇರೆಯಾಗುತ್ತದೆ ಎಂಬ ವಿಚಿತ್ರ ನಿಯಮ ಲಿಪಿಯ ಲೋಕದಲ್ಲಿ ಮಾತ್ರ ಇದೆ, ಅದು ತಿಳಿಯಲು ಕಾಲ ಬೇಕು. ಎಂಟು ತುಂಬುವ ಹೊತ್ತಿಗೂ ಇದು ಕಡಿಮೆಯಾಗದೆ, ಜೊತೆಗೆ ಓದುವುದರಲ್ಲೂ ಶಬ್ದಗಳನ್ನು ಒಡೆದು ಹೇಳುವುದರಲ್ಲೂ ಕಷ್ಟ ಕಂಡರೆ ಆಗ ತಜ್ಞರಿಗೆ ತೋರಿಸಿ.

ಇನ್ನು ಆ ಒಂದು ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡಿರಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಂಥ ಆಟವಾಗಿರಬೇಕು. ಹಗಲಿನ ನಿದ್ದೆ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಪರದೆಯ ಮುಂದೆ ಕೂರುವುದು 1 ಗಂಟೆ ಮೀರಬಾರದು. ಮೂರೂವರೆ ವರ್ಷದವಳನ್ನು ಆರು ವರ್ಷದವನ ಪಕ್ಕದಲ್ಲಿ ಗಂಟೆಗಟ್ಟಲೆ ಕೂರಿಸುವ ಯೋಚನೆಯನ್ನೇ ಬಿಡಿ.

ಉತ್ತರ 3: ತಕರಾರು

ಮೇಲಿನ ಇಬ್ಬರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ‘ಈ ವಯಸ್ಸಿಗೆ ಇದು ಬರುವುದಿಲ್ಲ’ ಎಂಬ ಮಾತು ಬಹಳ ಸುಲಭವಾಗಿ ‘ಈ ವಯಸ್ಸಿಗೆ ಇದನ್ನು ತೋರಿಸಲೂ ಬಾರದು’ ಎಂಬಲ್ಲಿಗೆ ಜಾರುತ್ತದೆ, ಹಾಗೆ ಜಾರಿದ್ದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಜೀನ್ ಪಿಯಾಜೆ ಅವರ ಪ್ರಸಿದ್ಧ ಪ್ರಯೋಗ ನಿಮಗೆ ಗೊತ್ತಿರಬಹುದು. ಅಷ್ಟಷ್ಟೇ ಬಿಲ್ಲೆಗಳಿರುವ ಎರಡು ಸಾಲುಗಳನ್ನು ಎದುರುಬದುರು ಇಟ್ಟು, ಮಗು ‘ಎರಡೂ ಒಂದೇ’ ಎಂದ ಮೇಲೆ ಒಂದು ಸಾಲನ್ನು ಅಗಲವಾಗಿ ಹರಡಿ ಮತ್ತೆ ಕೇಳಿದರೆ, ಐದು ವರ್ಷದ ಬಹಳಷ್ಟು ಮಕ್ಕಳು ಉದ್ದದ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತಾರೆ. ಸಂಖ್ಯೆ ಬದಲಾಗದೆಂಬ ತಿಳಿವು ಆ ವಯಸ್ಸಿಗೆ ಇಲ್ಲ ಎಂದು ಪಿಯಾಜೆ ತೀರ್ಮಾನಿಸಿದರು. 1974ರಲ್ಲಿ ಜೇಮ್ಸ್ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಪ್ರಯೋಗದಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಸಾಲನ್ನು ದೊಡ್ಡವರು ಹರಡಲಿಲ್ಲ. ತುಂಟ ಕರಡಿ ಗೊಂಬೆಯೊಂದು ಪೆಟ್ಟಿಗೆಯಿಂದ ಬಂದು ಆಟ ಕೆಡಿಸುವಂತೆ ಸಾಲನ್ನು ಚದುರಿಸಿತು. ಆಗ ನಾಲ್ಕರಿಂದ ಆರು ವರ್ಷದ ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಎರಡೂ ಸಾಲು ಸಮ ಎಂದರು. ದೊಡ್ಡವರು ಬೇಕೆಂದೇ ಏನೋ ಮಾಡಿ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದಾಗ, ಮೊದಲು ಹೇಳಿದ ಉತ್ತರ ತಪ್ಪಿರಬೇಕು ಎಂದು ಮಗು ಊಹಿಸುತ್ತದೆ ಎಂಬುದು ಅವರ ವಿವರಣೆಯ ತಿರುಳು.

ಹೊಂಗಿರಣ ಅವರೇ, ಮಗ ನಿಮ್ಮ ಮುಖ ನೋಡಿ ಇನ್ನೊಂದು ಸಂಖ್ಯೆ ಹೇಳುವುದೂ ಇದೇ ಅಲ್ಲವೇ? ಅವನು ಲೆಕ್ಕ ಮಾಡುತ್ತಿಲ್ಲ, ನಿಮ್ಮ ಮೌನವನ್ನು ಓದುತ್ತಿದ್ದಾನೆ. ಉತ್ತರ ಸರಿಯಿದ್ದಾಗಲೂ ‘ಇದು ಹೇಗೆ ಬಂತು, ಕಡ್ಡಿಯಲ್ಲಿ ತೋರಿಸು’ ಎಂದು ಕೇಳುವ ಅಭ್ಯಾಸವಿಟ್ಟುಕೊಳ್ಳಿ. ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ತಪ್ಪಿನ ಗುರುತಾಗಿಬಿಡುತ್ತದೆ.

ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ಜೊತೆಗೂಡಿ ಮಾಡಬಲ್ಲದ್ದಕ್ಕೂ ನಡುವೆ ಒಂದು ಅಂತರವಿದೆ, ಕಲಿಸುವಿಕೆ ನಡೆಯಬೇಕಾದ್ದು ಆ ಅಂತರದಲ್ಲಿ ಎಂದವರು ಲೆವ್ ವೈಗೋಟ್‌ಸ್ಕಿ. ಹಾಗಾಗಿ ಮೂರೂವರೆ ವರ್ಷದವಳಿಗೆ ಅಕ್ಷರ ಬರೆಸಬೇಡಿ ಎಂಬುದನ್ನು ಒಪ್ಪುತ್ತೇನೆ, ಆದರೆ ಅಕ್ಷರದಿಂದ ದೂರವಿಡಬೇಡಿ. ಅವಳ ಹೆಸರಿನ ಮೊದಲ ಅಕ್ಷರ ಅವಳಿಗೆ ಗುರುತಿರಲಿ. ಮರ, ಬರ, ಸರ ಎಂದು ಪ್ರಾಸ ಕಟ್ಟುವ ಆಟವಾಡಿ. ‘ಮರ’ದಲ್ಲಿ ‘ಮ’ ತೆಗೆದರೆ ಏನು ಉಳಿಯುತ್ತದೆ ಎಂದು ಮಗನನ್ನು ಕೇಳಿ. ಓದು ಬರುವುದಕ್ಕೆ ಮೊದಲು ಕಿವಿ ಶಬ್ದಗಳನ್ನು ಬಿಡಿಬಿಡಿಯಾಗಿ ಕೇಳಬೇಕು, ಅದಕ್ಕೆ ಪೆನ್ಸಿಲ್ ಬೇಕಿಲ್ಲ.

ನಕ್ಷತ್ರದ ಬಗ್ಗೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸುವುದನ್ನು ಆಗಲೇ ಇಷ್ಟಪಡುತ್ತಿದ್ದ ಮೂರರಿಂದ ಐದು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು, ಇನ್ನೊಂದಕ್ಕೆ ಏನೂ ಹೇಳದೆ ಕೊನೆಗೆ ಕೊಟ್ಟರು, ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರಗಳ ಬಳಿಕ ಯಾರ ಒತ್ತಾಯವೂ ಇಲ್ಲದ ಹೊತ್ತಿನಲ್ಲಿ ನೋಡಿದರೆ, ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳು ಉಳಿದವರು ಕಳೆದ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಕುಂದಿರಲಿಲ್ಲ. ನಿಮ್ಮ ಮನೆಯಲ್ಲಿ ಆದದ್ದೂ ಇದೇ ಎಂದು ನನಗನಿಸುತ್ತದೆ.

ಉತ್ತರ 4: ಕಥೆ ಓದುವ ಅಜ್ಜ

ಒಂದೇ ಮಾತು. ಇಬ್ಬರನ್ನೂ ಒಟ್ಟಿಗೆ ಕೂರಿಸಲೇಬೇಕೆಂದಿದ್ದರೆ ಪಾಠ ಬೇಡ, ಒಂದು ಚಿತ್ರಪುಸ್ತಕ ಹಿಡಿಯಿರಿ. ಪುಟ ತಿರುಗಿಸುವ ಮೊದಲು ನಿಲ್ಲಿಸಿ, ಚಿಕ್ಕವಳಿಗೆ ‘ಇದರಲ್ಲಿ ಏನು ಕಾಣುತ್ತಿದೆ?’ ಎಂದೂ ದೊಡ್ಡವನಿಗೆ ‘ಮುಂದೆ ಏನಾಗಬಹುದು, ಯಾಕೆ?’ ಎಂದೂ ಕೇಳಿ. ಮಗು ಒಂದು ಪದ ಹೇಳಿದರೆ ನೀವು ಅದನ್ನು ವಾಕ್ಯ ಮಾಡಿ ಹಿಂತಿರುಗಿಸಿ. ಹೀಗೆ ಮಾತಾಡಿಸುತ್ತ ಓದಿದರೆ ಎರಡು-ಮೂರು ವರ್ಷದ ಮಕ್ಕಳ ಮಾತು ಬೆಳೆಯುತ್ತದೆ ಎಂಬುದನ್ನು ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು 1988ರಲ್ಲೇ ತೋರಿಸಿದ್ದಾರೆ. ಒಂದೇ ಪುಸ್ತಕವನ್ನು ಹತ್ತನೆಯ ಸಲ ಓದು ಎಂದರೆ ಬೇಸರಿಸಬೇಡಿ. ಬೇಸರ ನಮಗೆ, ಅವರಿಗಲ್ಲ.

ಮರುಬರಹ: ಹೊಂಗಿರಣ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ಮಗಳು ಎರಡರವರೆಗೆ ತಪ್ಪದೆ ತರುತ್ತಾಳೆ, ಮೂರು ಎಂದ ಕೂಡಲೇ ಹಿಡಿ ತುಂಬುತ್ತದೆ. ಅವಳು ಇಪ್ಪತ್ತರವರೆಗೆ ಬಲ್ಲಳೆಂದು ನಾನು ಬೀಗುತ್ತಿದ್ದೆ! ಈಗ ಮೂರು ಗೊಂಬೆಗಳಿಗೆ ಮೂರು ಲೋಟ ಇಡುವ ಆಟ ದಿನಕ್ಕೆ ಐದಾರು ನಿಮಿಷ ನಡೆಯುತ್ತದೆ, ಬೇಡವೆಂದು ಅವಳು ಎದ್ದರೆ ಅಲ್ಲಿಗೆ ಮುಗಿಯುತ್ತದೆ. ನಿನ್ನೆ ಎರಡು ಲೋಟ ಇಟ್ಟು, ಮೂರನೆಯ ಗೊಂಬೆಯನ್ನು ನೋಡಿ, ಹಿಂತಿರುಗಿ ಹೋಗಿ ಸರಿಯಾಗಿ ಒಂದೇ ಒಂದು ಲೋಟ ತಂದಳು. ಮುರಿದ ಬಳಪದ ಉಪಾಯವೂ ಫಲಿಸಿದೆ, ಗೋಡೆಯ ಹಾಳೆ ಸಾಲದೆ ಗೋಡೆಯೂ ತುಂಬಿದೆ ಎಂಬುದನ್ನು ಬಿಟ್ಟರೆ.

ಮಗ ಮೊದಲ ದಿನ ಮೂರು ಬಿಡಿ ಕಡ್ಡಿ ತೆಗೆದು ಬಹಳ ಹೊತ್ತು ಸುಮ್ಮನೆ ಕೂತ. ನಾನು ತುಟಿ ಕಚ್ಚಿಕೊಂಡೆ. ಕೊನೆಗೆ ‘ಇದನ್ನು ಬಿಚ್ಚಿದರೆ ಬೈಯುತ್ತೀಯಾ?’ ಎಂದು ಕೇಳಿದ. ಅವನನ್ನು ತಡೆದಿದ್ದು ಲೆಕ್ಕವಲ್ಲ, ನಾನು ಕಟ್ಟಿದ್ದ ಕಟ್ಟನ್ನು ಕೆಡಿಸುವ ಭಯ ಎಂದು ಆಗ ತಿಳಿಯಿತು.

ನಕ್ಷತ್ರದ ಗೊಂದಲ ಮಾತ್ರ ಬಗೆಹರಿದಿಲ್ಲ. ಒಮ್ಮೆಗೇ ನಿಲ್ಲಿಸಿದಾಗ ಎರಡು ದಿನ ಪುಸ್ತಕವನ್ನೇ ಮುಟ್ಟಲಿಲ್ಲ. ಹೇಗೆ ಬಿಡಿಸಲಿ?

ಉತ್ತರ: ಹಳೆಯ ಬಳಪ

ಆ ‘ಬೈಯುತ್ತೀಯಾ’ ಎಂಬ ಪ್ರಶ್ನೆ ಓದಿ ನನಗೂ ಹಳೆಯ ಕೆಲವು ಮುಖಗಳು ನೆನಪಾದವು. ಮುಂದಿನ ಸಲ ಕಟ್ಟುಗಳನ್ನು ಅವನೇ ಕಟ್ಟಲಿ. ಹತ್ತು ಎಣಿಸಿ ಕಟ್ಟುವುದೂ ಲೆಕ್ಕವೇ, ತಾನು ಕಟ್ಟಿದ್ದನ್ನು ಬಿಚ್ಚಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ನಕ್ಷತ್ರಗಳನ್ನು ಕಸಿದುಕೊಳ್ಳಬೇಡಿ, ಅವನ ಕೈಗೇ ಕೊಟ್ಟುಬಿಡಿ. ಇಡೀ ಹಾಳೆ ಅವನದೇ ಆಗಲಿ, ತನಗೆ ಇಷ್ಟವಾದ ಚಿತ್ರಕ್ಕೆ, ಪುಸ್ತಕಕ್ಕೆ, ಡಬ್ಬಿಗೆ ಅವನೇ ಅಂಟಿಸಿಕೊಳ್ಳಲಿ. ಚಿತ್ರ ತಂದು ತೋರಿಸಿದಾಗ ಚೆನ್ನಾಗಿದೆ ಎನ್ನುವ ಬದಲು, ಅದರಲ್ಲಿ ನಿಮಗೆ ಕಂಡ ಒಂದು ವಿವರವನ್ನು ಹೇಳಿ: ‘ಈ ಮನೆಗೆ ಕಿಟಕಿ ಎರಡಿವೆ, ಬಾಗಿಲು ಎಲ್ಲಿ?’ ಎಂದು ಕೇಳಿ. ಆ ಬಾಗಿಲನ್ನು ಬಿಡಿಸಲು ಅವನು ಓಡಿಹೋಗುತ್ತಾನೋ ಇಲ್ಲವೋ ನೋಡಿ ಮತ್ತೆ ಬರೆಯಿರಿ.